ಕಾಕಾನ ಹೆಸರಿಗೆ ಎದ್ದವಳು

ಇವತ್ತು ಪುಣೆಯ ನಮ್ಮ ಚರ್ಚಿನಲ್ಲಿ ತೀರಿಹೋದವರ ಸ್ಮರಣೆಯ ಆರಾಧನೆ. ಮೇಣದಬತ್ತಿಯ ವಾಸನೆಗೆ ಬಾಲ್ಯದಲ್ಲಿ ಕೂತ ಊರ ಚರ್ಚಿನ ಬೆಂಚು ನೆನಪಾಯಿತು.

ಮನೆಯವರು ಬರೆಸಿದ ಹೆಸರುಗಳನ್ನು ಪಾದ್ರಿಗಳು ಓದುವಾಗ ಆಯಾ ಮನೆಯವರು ಎದ್ದು ನಿಲ್ಲುವುದು ನಮ್ಮಲ್ಲಿ ರೂಢಿ. ಅಂದು ಊರಿನಲ್ಲಿ, ಕುಡಿದು ಕುಡಿದೇ ಸತ್ತ ಅಪ್ಪನ ತಮ್ಮ, ನಮ್ಮ ಕಾಕಾನ ಹೆಸರು ಬಂತು. ಅಪ್ಪ ಅಲುಗಲಿಲ್ಲ.

"ಅಪ್ಪಾ, ಕಾಕಾನ ಹೆಸರು," ಎಂದೆ.

"ಸುಮ್ಮ ಕೂಡು."

ಹಿಂದಿನ ಬೆಂಚಿನಿಂದ ಮಾರ್ಥಾ ಆಯಿ ಕೋಲೂರಿ ಎದ್ದಳು. ಅವಳು ನಮ್ಮ ಬಳಗದವಳೇ ಅಲ್ಲ. ಹೊರಗೆ ಬಂದ ಮೇಲೆ ಅಪ್ಪನಿಗೆ, "ಐತವಾರ ಅಂವ ನನ್ನ ತನ್ನ ಸೈಕಲ್ ಮ್ಯಾಲ ಕೂಡಿಸ್ಕೊಂಡು ಇಲ್ಲಿಗೆ ತರ್ತಿದ್ದ, ತಮ್ಮಾ. ಹೆಸರು ನಾನ ಬರಸೇನಿ," ಎಂದಳು. ಅಪ್ಪ ತನ್ನ ಬೂಟು ನೋಡುತ್ತ ನಿಂತ.

ಇವತ್ತು ಅಪ್ಪನ ಹೆಸರಿಗೆ ಎದ್ದೆ. ಕಾಕಾನ ಹೆಸರಿಗೂ ನಿಲ್ಲಬೇಕೆಂದು ಕಾದೆ. ಬರಲಿಲ್ಲ. ಬರೆಸಲು ಆಯಿ ಈಗಿಲ್ಲ. ಅವಳ ಹೆಸರೂ ಬರಲಿಲ್ಲ. ಬರೆಸುವಾಗ ನನಗೆ ಅಪ್ಪನೊಬ್ಬನೇ ನೆನಪಾಗಿದ್ದ.