ಕಿವಿಯಣ್ಣನ ಸುತ್ತಿಗೆ

ಎರಕದ ಕಾರ್ಖಾನೆಗೆ ಆರು ವಾರದ ಇಂಟರ್ನ್‌ಶಿಪ್‌ಗೆ ಬಂದ ಇಂಜಿನಿಯರಿಂಗ್ ಹುಡುಗಿಯನ್ನು ಅಲ್ಲಿ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. “ಏನನ್ನೂ ಮುಟ್ಬೇಡ, ಯಾರಿಗೂ ಅಡ್ಡ ಬರ್ಬೇಡ” ಎಂದು ಮ್ಯಾನೇಜರ್ ಅವಳನ್ನು ತಪಾಸಣೆಯ ಮೇಜಿಗೆ ಸಾಗಹಾಕಿದ. ಇಡೀ ಕಾರ್ಖಾನೆಗೆ ಇದ್ದದ್ದು ಅದೊಂದೇ ಮೇಜು. ಅಲ್ಲಿದ್ದವನು ಕಿವಿಯಣ್ಣ ಒಬ್ಬನೇ.

ಆ ಅಡ್ಡಹೆಸರು ಪುಕ್ಕಟೆ ಬಂದದ್ದಲ್ಲ. ಲಾರಿಯ ಚಕ್ರದೊಳಗೆ ಕೂರುವ ಬ್ರೇಕ್ ಡ್ರಮ್ಮನ್ನು ಕೊಕ್ಕೆಗೆ ತೂಗುಹಾಕಿ, ಪುಟ್ಟ ಸುತ್ತಿಗೆಯಿಂದ ಒಮ್ಮೆ ತಟ್ಟುತ್ತಿದ್ದ. ಗಟ್ಟಿ ಡ್ರಮ್ಮು ಠಣ್ ಎಂದು ದನಿ ಎಳೆಯುತ್ತದೆ. ಬಿರುಕು ಬಿಟ್ಟದ್ದು ಠಕ್ ಎಂದು ಬಾಯಿ ಮುಚ್ಚುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ಅವನ ಕೈ ದಾಟಿದ ಒಂದು ಡ್ರಮ್ಮೂ ವಾಪಸು ಬಂದಿರಲಿಲ್ಲ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಹಾಸಿಗೆ ಹಿಡಿದ ಹೆಂಡತಿಗೆ ಕಾರ್ಖಾನೆಯ ಆಸ್ಪತ್ರೆಯೇ ಗತಿ. ಕೆಲಸ ಹೋದರೆ ಅದೂ ಹೋದಂತೆ.

“ಬಾ ಮಗಳೇ, ನಿಂತೇ ಇದ್ರೆ ಕಾಲು ಬಿದ್ದೋಗುತ್ತೆ” ಎಂದು ಮೊದಲ ದಿನವೇ ತನ್ನ ಸ್ಟೂಲನ್ನು ಅವಳಿಗೆ ಕೊಟ್ಟ. ಆ ಕಾರ್ಖಾನೆಯಲ್ಲಿ ಅವಳಿಗೆ ಸಿಕ್ಕ ಮರ್ಯಾದೆ ಅಷ್ಟೇ.

ಮೂರನೇ ವಾರ ಅವಳಿಗೆ ಅನುಮಾನ ಬಂತು. ಹಿಂದಿನಿಂದ ಕೂಗಿದರೆ ಅವನು ತಿರುಗುತ್ತಿರಲಿಲ್ಲ. ಊಟದ ಸೈರನ್ ಆದಾಗ ಪಕ್ಕದವರು ಎದ್ದದ್ದನ್ನು ನೋಡಿಯೇ ಏಳುತ್ತಿದ್ದ. ತಟ್ಟುವಾಗೆಲ್ಲ ಎಡಗೈಯ ಉಗುರಿನ ತುದಿ, ತಾಗಿತೋ ಇಲ್ಲವೋ ಎಂಬಂತೆ, ಡ್ರಮ್ಮಿನ ಅಂಚಿನಲ್ಲಿರುತ್ತಿತ್ತು. ಒಂದು ದಿನ ಅವಳು ಎದುರಿಗೆ ನಿಂತು, ದನಿಯೇ ಹೊರಡಿಸದೆ ತುಟಿಯಷ್ಟೇ ಆಡಿಸಿದಳು: “ಅಣ್ಣಾ, ನಿಮ್ಗೆ ಕಿವಿ ಕೇಳ್ಸಲ್ಲ, ಅಲ್ವಾ?”

ಅವನ ಮುಖ ಬಿಳಿಚಿಕೊಂಡಿತು. “ನಾಕು ವರ್ಷ ಆಯ್ತಮ್ಮ. ಯಾರಿಗೂ ಹೇಳ್ಬೇಡ, ನಿನ್ಗೆ ಕೈ ಮುಗೀತೀನಿ.”

“ಇಲ್ಲಣ್ಣ, ದೇವ್ರಾಣೆ.”

ನಂಬಿದ, ಪಾಪ. ನಂಬಿ, ಅವಳ ಬೆರಳನ್ನು ಅಂಚಿಗಿಟ್ಟು ಆ ವಿದ್ಯೆಯನ್ನೂ ಕಲಿಸಿದ. ನಡುಕ ಉಗುರಿನಿಂದ ಮೊಣಕೈವರೆಗೆ ಹರಿದರೆ ಡ್ರಮ್ಮು ಗಟ್ಟಿ. ಬೆರಳಲ್ಲೇ ಸತ್ತರೆ ಬಿರುಕು.

ಅವಳು ಯಾರಿಗೂ ಹೇಳಲಿಲ್ಲ. ಬರೆದಳು. ಸಹಪಾಠಿಗಳೆಲ್ಲ ರೋಬೋಟು ಅದೂ ಇದೂ ಎಂದು ಕೊಚ್ಚಿಕೊಳ್ಳುತ್ತಿದ್ದರು. ಕಾಲೇಜಿಗೆ ಕೊಡಬೇಕಾದ ಇವಳ ವರದಿಗೆ ಇದ್ದದ್ದು ಇದೊಂದೇ. ‘ಶ್ರವಣಶಕ್ತಿ ಇಲ್ಲದ ನೌಕರನ ಸ್ಪರ್ಶಜ್ಞಾನ’ ಎಂದು ತಲೆಬರಹ ಕೊಟ್ಟು ಹೊಗಳಿದ್ದೇ ಹೊಗಳಿದ್ದು. ಹೆಸರು ಮಾತ್ರ ಹಾಕಲಿಲ್ಲ, ಪುಣ್ಯಾತಗಿತ್ತಿ!

ಸಹಿಗೆಂದು ಬಂದ ವರದಿಯನ್ನು ಮ್ಯಾನೇಜರ್ ಓದಿದ. ಮರುದಿನ ಮೇಜಿನ ಹತ್ತಿರ ಬೇರೆಯವನು ನಿಂತಿದ್ದ. ಹುಡುಗಿ ಮ್ಯಾನೇಜರನ ಕೋಣೆಗೆ ಓಡಿದಳು.

“ಸಾರ್, ಅವ್ರು ಒಂದೂ ತಪ್ಪು ಮಾಡಿಲ್ಲ ಅಂತಾನೇ ನಾನು ಬರ್ದಿದ್ದು.”

“ಓದ್ದೆ. ಸದ್ದು ಕೇಳೋ ಕೆಲ್ಸಕ್ಕೆ ಕಿವುಡನ್ನ ಇಟ್ಕೊಂಡಿದೀವಿ ಅಂತ ಗಿರಾಕಿಗೆ ಗೊತ್ತಾದ್ರೆ ನಮ್ಮ ಗತಿ ಏನು? ಇವತ್ತೇ ಲೆಕ್ಕ ಚುಕ್ತಾ ಮಾಡಿ ಕಳಿಸ್ತಿದೀವಿ.” ಅವನು ಸರ್ಟಿಫಿಕೇಟಿಗೆ ಸಹಿ ಹಾಕಿ ಅವಳ ಕೈಗಿತ್ತ. “ಒಳ್ಳೇ ಕಣ್ಣಮ್ಮ ನಿಂದು.”

ಗೇಟಿನ ಹತ್ತಿರ ಪಾಳಿ ಬದಲಾಗುವ ಗುಂಪು. ಕಿವಿಯಣ್ಣ ಊಟದ ಡಬ್ಬಿ ಹಿಡಿದು ಹೊರಟಿದ್ದ. ಅವಳು ಅಡ್ಡ ನಿಂತು, ಯಾರಿಗೂ ಕೇಳಿಸದಂತೆ, “ತಪ್ಪಾಯ್ತಣ್ಣ” ಎಂದಳು. ಅವನು ಅವಳ ತುಟಿಯನ್ನು ನೋಡಲಿಲ್ಲ. ಅವಳ ತಲೆಯ ಮೇಲಿಂದ ರಸ್ತೆಯನ್ನು ನೋಡಿದ.

“ಮೆತ್ತಗೆ ಹೇಳಿದ್ರೆ ನನ್ಗೆಲ್ಲಿ ಕೇಳ್ಸುತ್ತಮ್ಮ? ಕೂಗಿ ಹೇಳು. ಇನ್ನೇನು ಗುಟ್ಟು ಉಳ್ದಿದೆ?”

ಅವಳು ಕೂಗಿದಳು. ಗುಂಪಿಗೆ ಗುಂಪೇ ತಿರುಗಿ ನೋಡಿತು. ಗಂಟಲು ಕಟ್ಟುವವರೆಗೆ, ಅಳು ಬರುವವರೆಗೆ, ತಪ್ಪಾಯ್ತು ತಪ್ಪಾಯ್ತು ಎಂದು ಕೂಗಿದಳು. ಅಷ್ಟು ಹೊತ್ತೂ ಅವನು ಕಣ್ಣು ಮುಚ್ಚಿಕೊಂಡೇ ನಿಂತಿದ್ದ.

ಆಮೇಲೆ ಕಣ್ಣು ಬಿಟ್ಟು, “ಮುಗೀತಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದ.