ಫೆಲಿಕ್ಸ್ ಮಾಸ್ಟ್ರ ಎದೆಯ ಪಟ್ಟಿ

ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ನಾನು ಎಂಟನೇ ಕ್ಲಾಸು ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ಮದುವೆ ಬ್ಯಾಂಡಿನ ಫೆಲಿಕ್ಸ್ ಮಾಸ್ಟ್ರಿಂದ. ಅದಕ್ಕೆ ನನಗೆ ನಾಚಿಕೆಯಿಲ್ಲ. ಟ್ರಂಪೆಟ್ ಊದುವಾಗ ಅವರ ಕುತ್ತಿಗೆಯ ನರ ಹಗ್ಗದಂತೆ ಉಬ್ಬುತ್ತಿತ್ತು. ಮದುವೆಗೆ ಬಂದ ಮಕ್ಕಳು ಮದುಮಗಳನ್ನು ಬಿಟ್ಟು ಅದನ್ನೇ ನೋಡುತ್ತಿದ್ದರು.

ಪಡೀಲಿನ ಅವರ ಮನೆಯ ಜಗಲಿಯಲ್ಲಿ ನಮ್ಮ ಬ್ಯಾಂಡಿನ ಪ್ರಾಕ್ಟೀಸು. ನನ್ನದು ದೊಡ್ಡ ಡ್ರಮ್ಮು. "ಶೇಖರ, ಡ್ರಮ್ಮು ಬಾರಿಸುವುದಾ, ಗೋಡೆಗೆ ಮೊಳೆ ಹೊಡೆಯುವುದಾ?" ಎನ್ನುತ್ತಿದ್ದರು. ಕೈಯಲ್ಲಿ ಬೊಬ್ಬೆ ಎದ್ದರೂ ನಿಲ್ಲಿಸಲು ಬಿಡುತ್ತಿರಲಿಲ್ಲ.

ಕಳೆದ ವರ್ಷ ಅವರಿಗೆ ಹಾರ್ಟ್ ಅಟ್ಯಾಕ್ ಆಯಿತು. ಇನ್ನು ಊದಬಾರದು ಎಂದರು ಡಾಕ್ಟರು. ಕುವೈತಿನಲ್ಲಿ ನರ್ಸ್ ಆಗಿರುವ ಮಗಳು ಲವೀನಾ ಬಂದು ಅವರ ಎದೆಗೆ ಬಡಿತ ಅಳೆಯುವ ಸಣ್ಣ ಪಟ್ಟಿಯೊಂದನ್ನು ಅಂಟಿಸಿ ಹೋದಳು. ಬಡಿತ ಮಿತಿ ಮೀರಿದರೆ ಕುವೈತಿನಲ್ಲಿ ಅವಳ ಫೋನು ಕೂಗುತ್ತದೆ. ಆಗಾಗ ಹೊಸ ಪಟ್ಟಿ ಅಂಟಿಸುವ ಕೆಲಸ ನನ್ನದು.

"ಹೆಂಡತಿ ತೀರಿದ ಮೇಲೆ ಕೇಳುವವರಿಲ್ಲ ಅಂತ ಇದ್ದೆ. ಈಗ ಮಗಳು ಎದೆ ಮೇಲೆಯೇ ಕೂತಿದ್ದಾಳೆ ಮಾರಾಯ," ಎಂದು ನಕ್ಕರು ಮಾಸ್ಟ್ರು. ಮುಂದಿನ ಮದುವೆಗೆ ಟ್ರಂಪೆಟ್ ಹಿಡಿದುಕೊಂಡೇ ಬಂದರು.

ಮೊದಲ ಹಾಡು ಮುಗಿಯುವಾಗ ನನಗೆ ಲವೀನಾಳ ಫೋನು. "ಶೇಖರಣ್ಣ, ಪಪ್ಪ ಎಂತ ಮಾಡ್ತಾ ಇದ್ದಾರೆ?"

ಮಾಸ್ಟ್ರು ಫೋನು ಕಸಿದುಕೊಂಡರು. "ಊದದೆ ಮನೆಯಲ್ಲಿ ಕೂತರೆ ನಿನ್ನ ಪಟ್ಟಿ ಸರಿ ಉಂಟು ಅಂತ ತೋರಿಸ್ತದೆ. ನಾನು ಮಾತ್ರ ಸತ್ತಿರ್ತೇನೆ."

ಬೈದು ಬೈದು ಅವಳು ಸೋತಳು. ಕೊನೆಗೆ ಯಾವ ದಿನ ಮದುವೆ ಎಂದು ನನ್ನಿಂದ ಮೊದಲೇ ಕೇಳಿಟ್ಟುಕೊಳ್ಳತೊಡಗಿದಳು. ಆ ದಿನ ಫೋನು ಕೂಗಿದರೆ ಗಾಬರಿಯಿಲ್ಲ, ಪಪ್ಪ ಊದುತ್ತಿದ್ದಾರೆ ಅಷ್ಟೆ. ಆ ಏರ್ಪಾಡು ಯಾಕೋ ನನ್ನ ಮನಸ್ಸಿಗೆ ಹಿಡಿಸಲಿಲ್ಲ.

ಕಳೆದ ತಿಂಗಳು ತೊಕ್ಕೊಟ್ಟಿನಲ್ಲಿ ಮದುವೆ. ಯೂನಿಫಾರ್ಮು ಹಾಕಿ ಮದುವೆ ಹಾಲ್‌ನ ಬಾಗಿಲಲ್ಲಿ ನಿಂತಿದ್ದೆವು. ಮದುಮಕ್ಕಳ ಕಾರು ಬಂದಿರಲಿಲ್ಲ, ನಾವಿನ್ನೂ ಒಂದು ಹಾಡೂ ಬಾರಿಸಿರಲಿಲ್ಲ. ಲವೀನಾಳ ಫೋನು ಬಂತು. ನಗುತ್ತಲೇ ಮಾತಾಡಿದಳು.

"ಎಷ್ಟು ಹೊತ್ತು ಊದಿಸ್ತೀರಿ ಮಾರಾಯ್ರೆ? ಆಗಿನಿಂದ ಕೂಗ್ತಾ ಇತ್ತು, ಈಗಷ್ಟೇ ನಿಂತಿತು. ಸ್ವಲ್ಪ ನೀರು ಕೊಡಿ ಅವರಿಗೆ."

ನಾನು ನಮ್ಮ ಸಾಲು ನೋಡಿದೆ.

"ಮಾಸ್ಟ್ರು ಇನ್ನೂ ಬರಲಿಲ್ಲ ಲವೀನಾ," ಎಂದೆ. "ನಾವು ಕಾಯ್ತಾ ಇದ್ದೇವೆ."

ಈಗ ನನಗೆ ಹದಿನಾಲ್ಕು ಜನರ ಬ್ಯಾಂಡು ಉಂಟು. ಒಂದು ವ್ಯಾನು, ಎರಡು ಕೋಣೆಯ ಸ್ವಂತ ಮನೆ. ಮಾಸ್ಟ್ರ ಟ್ರಂಪೆಟ್ ಒಂದು. ಅಂಟಿಸದೆ ಉಳಿದ ಪಟ್ಟಿ ಮೂರು.