ಕಸ್ತೂರಕ್ಕನ ಕುಂಡ್ರೂ ಸಾಲಿ

ಮಹಾಲಿಂಗಪುರದ ಒಂದು ಮದುವೆ. ಮದುಮಗ ವೇದಿಕೆ ಹತ್ತಿ ನೋಡುತ್ತಾನೆ, ಅವನ ಕುರ್ಚಿಯಲ್ಲಿ ಕಸ್ತೂರಕ್ಕ! ಕೆಂಪು ಮಖಮಲ್ಲಿನ ಆ ದೊಡ್ಡ ಕುರ್ಚಿಯಲ್ಲಿ ಚಪ್ಪಲಿ ಬಿಟ್ಟು ಕಾಲು ಮಡಚಿ ಕುಳಿತು, ಮಡಿಲಲ್ಲಿ ಪ್ಲೇಟು ಇಟ್ಟುಕೊಂಡು ಉಪ್ಪಿಟ್ಟು ತಿನ್ನುತ್ತಿದ್ದಾರೆ. ಹೆಣ್ಣಿನ ಕಡೆಯವರು ಇವರನ್ನು ಗಂಡಿನ ಕಡೆಯವರೆಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದುಕೊಂಡರು. ಹೀಗಾಗಿ ಏಳಿ ಅನ್ನುವವರೇ ಇಲ್ಲ. ಕೊನೆಗೆ ಫೋಟೋದವನು ಧೈರ್ಯ ಮಾಡಿ, "ಅಕ್ಕಾರ, ಮದುಮಗ ನಿಂತಾನ್ರಿ" ಅಂದ.

"ನಿಂದ್ರಲಿ ಬಿಡೋ. ಹರೇದ ಹುಡುಗ, ಕಾಲು ಗಟ್ಟಿ ಅದಾವು. ನನ್ನ ಮೊಣಕಾಲಿಗಿ ವಯಸ್ಸಾಗೈತಿ" ಅಂದರು ಕಸ್ತೂರಕ್ಕ. ಪ್ಲೇಟು ಖಾಲಿಯಾದ ಮೇಲೆಯೇ ಅವರು ಎದ್ದದ್ದು. ಮದುಮಗ ಅಷ್ಟೊತ್ತೂ ಬಾಸಿಂಗ ಕಟ್ಟಿಕೊಂಡು ನಿಂತೇ ಇದ್ದ ಪಾಪ.

ಕಸ್ತೂರಕ್ಕ ಜಮಖಂಡಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮದುವೆ ಆಗಲಿಲ್ಲ. ಕೇಳಿದವರಿಗೆ, "ಬಂದ ಗಂಡುಗಳೆಲ್ಲಾ ನನ್ನ ನಿಂದರಿಸಿ ನೋಡಿದ್ರು. ಕುಂಡರಿಸಿ ಮಾತಾಡ್ಸಿದವ ಒಬ್ಬನೂ ಇಲ್ಲ, ಹೋಗ್ರಿ ಅಂದೆ" ಎನ್ನುತ್ತಿದ್ದರು. ರಬಕವಿಯಲ್ಲಿ ಸ್ವಂತ ಮನೆ. ದನಿ ಎಷ್ಟು ದೊಡ್ಡದೆಂದರೆ, ಅವರು ಮನೆಯೊಳಗೆ ಫೋನಿನಲ್ಲಿ ಮಾತಾಡಿದರೆ ಓಣಿಯ ಮಗ್ಗಗಳ ಸದ್ದಿನ ಮೇಲೂ ಕೇಳಿಸುತ್ತಿತ್ತು. ಅವರ ಒಂದು ಮಾತು ನಮಗೆಲ್ಲ ಬಾಯಿಪಾಠ: "ಕುಂತಾಕೀನ ಜಗತ್ತು ಏನಂತೀ ಅಂತ ಕೇಳತೈತಿ. ನಿಂತಾಕೀಗಿ ಚಾ ತೊಗೊಂಬಾ ಅಂತೈತಿ."

ಇನ್ನು ನನ್ನ ಕಥೆ. ನನ್ನ ತವರು ಲೋಕಾಪುರ, ಕೊಟ್ಟದ್ದು ಬನಹಟ್ಟಿಗೆ. ಇಲ್ಲಿನ ಒಂದು ನೇಕಾರರ ಪತ್ತಿನ ಸಂಘದಲ್ಲಿ ಕ್ಲರ್ಕ್ ಆಗಿದ್ದೆ. ಮ್ಯಾನೇಜರ್ ನಿವೃತ್ತರಾದಾಗ ಆಡಳಿತ ಮಂಡಳಿಯವರು ಆ ಕುರ್ಚಿಯನ್ನು ನನಗೆ ತಾತ್ಕಾಲಿಕವಾಗಿ ಕೊಟ್ಟರು. ದೀಪಾವಳಿ ತನಕ ನೋಡುವುದು, ಸರಿ ಕಂಡರೆ ಕಾಯಂ, ಇಲ್ಲವಾದರೆ ನನ್ನ ಜೊತೆಯ ಕ್ಲರ್ಕ್ ಸಂಗಪ್ಪನಿಗೆ. ಕೆಲಸ ನನಗೆ ನೀರು ಕುಡಿದಷ್ಟು ಸಲೀಸು. ತೊಂದರೆ ಕೆಲಸದ್ದಲ್ಲ, ಕುರ್ಚಿಯದ್ದು. ಅದು ಬಾಗಿಲಿಗೆ ಎದುರಾಗಿತ್ತು.

ಲೋಕಾಪುರದಲ್ಲಿ ನಾನು ಮಗಳು, ಹೆಂಗಾದರೂ ಕೂರಬಹುದು. ಬನಹಟ್ಟಿಯಲ್ಲಿ ನಾನು ಸೊಸೆ. ನಮ್ಮ ಕಡೆ ಸೊಸೆಯಾದವಳು ಮಾವನ ಎದುರು ಕುರ್ಚಿಯ ಮೇಲೆ ಕೂರುವುದಿಲ್ಲ. ಮಾವನೂ ಮರ್ಯಾದಸ್ಥ, ಒಳಗೆ ಬರುವ ಮೊದಲು ಹೊಸ್ತಿಲಲ್ಲಿ ಒಮ್ಮೆ ಕೆಮ್ಮುತ್ತಾನೆ. ಕೆಮ್ಮು ಕೇಳಿದೊಡನೆ ಸೊಸೆ ಎದ್ದು, ತಲೆ ಮೇಲೆ ಸೆರಗು ಎಳೆದುಕೊಂಡು ಬದಿಗೆ ಸರಿಯಬೇಕು. ಮನೆಯಲ್ಲಾದರೆ ಒಬ್ಬರೇ ಮಾವ. ಸಂಘಕ್ಕೆ ಬರುವವರೋ, ಎಲ್ಲರೂ ಮಾವನ ತಮ್ಮ, ಮಾವನ ಬೀಗ, ಮಾವನ ಗೆಳೆಯ! ಬೆಳಿಗ್ಗೆ ಬಾಗಿಲು ತೆರೆದರೆ ಕೆಮ್ಮು ಶುರು, ನಾನು ಎದ್ದು ನಿಂತೆನೆಂದರೆ ನಿಂತೇ ಇರುವುದು. ನಿಂತೇ ಸಹಿ, ನಿಂತೇ ಫೋನು. ಗ್ರಾಹಕರು ನನ್ನನ್ನೇ, "ಮ್ಯಾನೇಜರ್ ಎಲ್ಲಿ ಹೋಗ್ಯಾರವಾ?" ಎಂದು ಕೇಳುವರು. ನಾನು ಎದ್ದಾಗಲೆಲ್ಲ ಸಂಗಪ್ಪ ಮೆಲ್ಲಗೆ ಬಂದು ಆ ಕುರ್ಚಿಯಲ್ಲಿ ಕೂರುವನು. ಸಿಟ್ಟಿನಿಂದ ನೋಡಿದರೆ, "ಗಾದಿ ಬೆಚ್ಚಗ ಇಡಾಕತ್ತೀನ್ರಿ ಮೇಡಂ" ಅನ್ನುವನು. ಹಾಳಾದವನು!

ಇದೆಲ್ಲ ಸಾಲದು ಅಂತ ನಮ್ಮ ಸ್ವಂತ ಮಾವನವರು, ಶಿವಲಿಂಗಪ್ಪನವರು, ಅದೇ ಸಂಘದ ನಿರ್ದೇಶಕರು. ದಿನಾ ಬಂದು ಪೇಪರು ಓದುವರು. ಒಳ್ಳೆಯವರೇ, ಜೋರು ಮಾತಾಡಿದವರಲ್ಲ. ಆದರೆ ಅವರ ಕೆಮ್ಮಿಗೆ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ.

ತಮ್ಮ ಠೇವಣಿ ವಿಚಾರಕ್ಕೆ ಬಂದ ಕಸ್ತೂರಕ್ಕ ಈ ಏಳುವುದು ಕೂರುವುದನ್ನೆಲ್ಲ ನೋಡಿದರು. ನೋಡಿ, ಸಂಘದಲ್ಲಿದ್ದವರೆಲ್ಲ ಕೇಳುವಂತೆ, "ಏನವಾ ಶೈಲಾ, ಮ್ಯಾನೇಜರ್ ಆಗೀಯೋ, ಬೈಠಕ್ ಹೊಡ್ಯಾಕ ಬಂದೀಯೋ? ಐತವಾರ ನಮ್ಮ ಮನಿಗಿ ಬಾ" ಅಂದರು.

ಹೋದೆ. ಅಲ್ಲಿ ಆಗಲೇ ಹೆಂಗಸರು ನೆರೆದಿದ್ದರು. ಜಮಖಂಡಿಯ ಆಸ್ಪತ್ರೆಯೊಂದರ ಹೆಡ್ ನರ್ಸ್ ರಜಿಯಾ, ಬೀಳಗಿ ಕಡೆಯ ಒಂದು ಪಂಚಾಯ್ತಿಯ ಅಧ್ಯಕ್ಷೆ ನೀಲವ್ವ, ಮುಧೋಳದ ಇಬ್ಬರು ಟೀಚರು. ನೀಲವ್ವನ ಕಷ್ಟ ನನಗಿಂತ ದೊಡ್ಡದು. ಅಧ್ಯಕ್ಷೆ ಆಕೆ, ಕುರ್ಚಿಯಲ್ಲಿ ಕೂರುವವನು ಆಕೆಯ ಗಂಡ. ಆಕೆ ಒಮ್ಮೆ ತಾನೇ ಸಭೆಗೆ ಹೋದರೆ, "ಅಧ್ಯಕ್ಷರು ಇವತ್ತ ಬಂದಿಲ್ಲ, ಅಧ್ಯಕ್ಷರ ಹೆಂಡ್ತಿ ಬಂದಾಳ" ಎಂದು ಸಭೆಯನ್ನೇ ಮುಂದೂಡಿದ್ದರಂತೆ! ಇವರನ್ನೆಲ್ಲ ಒಬ್ಬೊಬ್ಬರನ್ನೇ ಬಸ್ಸಿನಲ್ಲಿ, ಕಚೇರಿಗಳಲ್ಲಿ ಹಿಡಿದು ತಂದವರು ಕಸ್ತೂರಕ್ಕ. ಗುಂಪಿಗೆ ಒಂದು ಉದ್ದನೆಯ ಹೆಸರು ಇತ್ತು, ಮಹಿಳಾ ಉದ್ಯೋಗಿಗಳ ಏನೋ ಒಂದು. ನಾವು ಕರೆಯುತ್ತಿದ್ದದ್ದು ಕುಂಡ್ರೂ ಸಾಲಿ ಎಂದೇ.

ಪಾಠ ಸರಳ. ಎಲ್ಲರೂ ಕುರ್ಚಿಯಲ್ಲಿ ಕೂರಬೇಕು. ಮಾವ ಬರುತ್ತಾನೆ. ಏಳಬಾರದು. ಮಾವನನ್ನು ಎಲ್ಲಿಂದ ತರುವುದು? ಕಸ್ತೂರಕ್ಕ ಮಲ್ಲಪ್ಪಜ್ಜನನ್ನು ಗೊತ್ತು ಮಾಡಿದ್ದರು. ಹಳ್ಳಿ ನಾಟಕಗಳಲ್ಲಿ ಜನ್ಮವೆಲ್ಲ ಮಾವನ ಪಾರ್ಟು ಮಾಡಿದ ಮುದುಕ. ಗಿರಿಜಾ ಮೀಸೆ, ಹಳದಿ ರುಮಾಲು, ಬೆಳ್ಳಿಕಟ್ಟಿನ ಬಡಿಗೆ, ಎಲ್ಲಕ್ಕಿಂತ ಮೇಲಾಗಿ ಆ ಕೆಮ್ಮು. ಎದೆಯ ತಳದಿಂದ ಎದ್ದು, ಗಂಟಲಲ್ಲಿ ಒಮ್ಮೆ ಹೊರಳಿ, ಹೊಸ್ತಿಲಿಗೆ ಬಂದು ಬೀಳುವ ಕೆಮ್ಮು. ಮೊದಲ ದಿನ ಆತ ಬಾಗಿಲ ಹಿಂದಿನಿಂದ ಕೆಮ್ಮಿದ್ದೇ ತಡ, ಅಷ್ಟೂ ಜನ ದಡಕ್ಕನೆ ಎದ್ದೆವು. ರಜಿಯಾ ಚಹದ ಕಪ್ಪಿನ ಸಮೇತ ಎದ್ದಳು. ನೀಲವ್ವ ಅಡಿಗೆಮನೆಗೇ ಓಡಿಹೋದಳು.

"ಫೇಲ್! ಎಲ್ಲಾರೂ ಫೇಲ್!" ಎಂದು ಕೂಗಿದರು ಕಸ್ತೂರಕ್ಕ. "ನೀಲವ್ವಾ, ಹೊರಗ ಬಾರಬೇ, ಅಧ್ಯಕ್ಷಿ ಅದೀ ನೀ!"

ಮುಂದಿನ ವಾರ ಹೊಸ ಉಪಾಯ. ಪ್ರತಿಯೊಬ್ಬರ ಮಡಿಲಲ್ಲೂ ಒಂದೊಂದು ದೊಡ್ಡ ಕುಂಬಳಕಾಯಿ. ಎದ್ದರೆ ಕಾಯಿ ಬಿದ್ದು ಒಡೆಯುತ್ತದೆ, ಒಡೆದ ಕಾಯಿಯನ್ನು ಒಡೆದವಳೇ ಮನೆಗೆ ಒಯ್ದು ಅಡಿಗೆ ಮಾಡಬೇಕು. ಅಯ್ಯೋ ಶಿವನೇ, ಆ ಮಳೆಗಾಲ ಪೂರ್ತಿ ನಮ್ಮ ಮನೆಗಳಲ್ಲಿ ಕುಂಬಳಕಾಯಿ ಪಲ್ಯ, ಕುಂಬಳಕಾಯಿ ಸಾರು, ಕುಂಬಳಕಾಯಿ ಕಡಬು! ನನ್ನ ಗಂಡ ಐತವಾರ ಸಂಜೆ ಚೀಲ ನೋಡಿಯೇ, "ಇಂದೂ ಎದ್ದಿ?" ಎಂದು ಉಸಿರು ಬಿಡುವರು. ಮಾವನವರು ಮಾತ್ರ ಏನೂ ತಿಳಿಯದೆ, "ಈ ವರ್ಷ ಕುಂಬಳ ಬಾಳ ಸಸ್ತಾ ಆದಂಗ ಐತಿ" ಎಂದು ಉಣ್ಣುತ್ತಿದ್ದರು.

ಐತವಾರ ಒಂದೇ ದಿನ ಸಾಲದೆಂದು ಕಸ್ತೂರಕ್ಕ ಮಲ್ಲಪ್ಪಜ್ಜನ ಕೆಮ್ಮನ್ನು ರೆಕಾರ್ಡ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕತೊಡಗಿದರು. ಹೊತ್ತಲ್ಲದ ಹೊತ್ತಿನಲ್ಲಿ ಕೆಮ್ಮು ಬರುವುದು, ಕೂತಲ್ಲೇ ಕೂತು ಕೇಳಬೇಕು. ರಜಿಯಾ ವಾರ್ಡಿನಲ್ಲಿ ಅದನ್ನು ಹಚ್ಚಿದಾಗ ಹಾಸಿಗೆಯಲ್ಲಿದ್ದ ಒಬ್ಬ ಬಾಣಂತಿ ಎದ್ದು ಕುಳಿತು ಸೆರಗು ಹೊದ್ದಳಂತೆ. "ಆಕಿನ್ನೂ ಸೇರಿಸ್ಕೋರಿ ಅಕ್ಕಾ, ಆಕಿದು ನಮ್ಮದ ಬ್ಯಾನಿ" ಎಂದು ರಜಿಯಾ ಶಿಫಾರಸು ಮಾಡಿದಳು.

ನಗೆಚಾಟಿಕೆ ಅನ್ನಿ ಬೇಕಾದರೆ. ಆದರೆ ಅಲ್ಲಿ ಕುಳಿತೇ ನಾವು ಒಬ್ಬರಿಗೊಬ್ಬರು ಏನೆಲ್ಲ ಹೇಳಿಕೊಂಡೆವು! ಟೀಚರೊಬ್ಬಳಿಗೆ ಹೆಡ್‌ಮಿಸ್ ಪರೀಕ್ಷೆ ಕಟ್ಟಿಸಿದ್ದು ಅಲ್ಲೇ. ಪರೀಕ್ಷೆಯ ದಿನ ಆಕೆಯ ಕೂಸನ್ನು ಹೊತ್ತು ಅಡ್ಡಾಡಿದ್ದು ರಜಿಯಾ. ನೀಲವ್ವ ಸಭೆಗೆ ಹೋಗುವ ದಿನ ಆಕೆಯ ಗಂಡನನ್ನು ಏನಾದರೂ ನೆಪ ಹೇಳಿ ಮುಧೋಳದ ಸಂತೆಗೆ ಕಳಿಸುವ ಜವಾಬ್ದಾರಿ ನಮ್ಮದು. ಮನೆಯಲ್ಲಿ ಹೇಳಿದರೆ ಹುಚ್ಚಿ ಅನ್ನುವಂಥ ಆಸೆಗಳನ್ನು ಅಲ್ಲಿ ಮಡಿಲಲ್ಲಿ ಕುಂಬಳಕಾಯಿ ಇಟ್ಟುಕೊಂಡು ಗಟ್ಟಿಯಾಗಿ ಹೇಳಬಹುದಿತ್ತು. ನನಗೆ ಅಷ್ಟು ಸುಖ ಬೇರೆಲ್ಲೂ ಸಿಕ್ಕಿಲ್ಲ.

ದಸರೆಯ ಹೊತ್ತಿಗೆ ಒಂದು ಐತವಾರ ಮಲ್ಲಪ್ಪಜ್ಜ ಕೆಮ್ಮಿದ, ಯಾರೂ ಏಳಲಿಲ್ಲ. ಮತ್ತೆ ಕೆಮ್ಮಿದ. ಬಡಿಗೆ ಕುಟ್ಟಿದ. ನಾವು ಚಹ ಕುಡಿಯುತ್ತ ಕುಳಿತೇ ಇದ್ದೆವು. ಅಜ್ಜನ ಕಣ್ಣಲ್ಲಿ ನೀರು. "ಒಬ್ಬಾಕೀನೂ ಏಳವಲ್ಲಿರಿ. ನನ್ನ ಪಾರ್ಟಿಗಿ ಇನ್ನ ಕಿಮ್ಮತ್ತ ಇಲ್ಲೇನವಾ?" ಅಂದ. ಕಸ್ತೂರಕ್ಕ ಅವನ ಬೆನ್ನು ತಟ್ಟಿ, "ನೀ ಛಲೋ ಮಾಡಿದ್ದಕ್ಕ ಅವರು ಕುಂತಾರೋ ಯಣ್ಣಾ" ಎಂದು ಸಮಾಧಾನ ಮಾಡಿ ಎರಡು ಕಡಬು ಹೆಚ್ಚಿಗೆ ಬಡಿಸಿದರು.

ದೀಪಾವಳಿಯ ಮುಂಚೆ ಮಂಡಳಿಯ ಸಭೆ ಬಂತು. ನನ್ನ ಕುರ್ಚಿಯ ತೀರ್ಮಾನ ಅಂದೇ. ಸಭೆ ನನ್ನ ಟೇಬಲ್ಲಿನ ಸುತ್ತಲೇ. ಬೆಳಿಗ್ಗೆ ಕಸ್ತೂರಕ್ಕ ಚೀಲ ಹಿಡಿದು ಬಂದರು, ಯಾರೂ ಕಾಣದಂತೆ ಟೇಬಲ್ಲಿನ ಕೆಳಗೆ ನನ್ನ ಮಡಿಲಲ್ಲಿ ಕುಂಬಳಕಾಯಿ ಇಟ್ಟು, ಹೋಗಿ ಗ್ರಾಹಕರ ಬೆಂಚಿನಲ್ಲಿ ಕುಳಿತರು. ಹೊರಗೆ ಮಲ್ಲಪ್ಪಜ್ಜನನ್ನೂ ನಿಲ್ಲಿಸಿದ್ದರು. ನಾನು ಸೋತು ಎದ್ದುಬಿಟ್ಟರೆ ಅಜ್ಜ ಒಳಗೆ ಬಂದು ಏನಾದರೂ ಗದ್ದಲ ಎಬ್ಬಿಸಿ ಎಲ್ಲರ ಗಮನ ತನ್ನ ಕಡೆ ಎಳೆಯಬೇಕು. ನಾನು ಏಳದಿದ್ದರೆ ಸುಮ್ಮನೆ ಮನೆಗೆ ಹೋಗಬೇಕು. ಇದು ಅವರ ಲೆಕ್ಕಾಚಾರ.

ನಿರ್ದೇಶಕರೆಲ್ಲ ಬಂದು ಕುಳಿತರು. ಕೊನೆಗೆ ಹೊಸ್ತಿಲಲ್ಲಿ ಮಾವನವರ ಕೆಮ್ಮು. ಎರಡೂ ಕೈಯಲ್ಲಿ ಕುಂಬಳಕಾಯಿ ಒತ್ತಿ ಹಿಡಿದೆ. "ಬರ್ರಿ ಮಾವಾರ, ಕುಂಡ್ರಿ" ಅಂದೆ, ಕುಳಿತೇ. ಸಂಗಪ್ಪನ ಕೈಯಿಂದ ಪೆನ್ನು ಬಿತ್ತು. ಮಾವನವರು ನನ್ನನ್ನು ನೋಡಿದರು, ಮೋರೆ ಕಪ್ಪಿಟ್ಟಿತು, ಕುರ್ಚಿ ಎಳೆದುಕೊಂಡು ಕುಳಿತರು. ಕೆಲಸ ಉಳಿದರೂ ಮನೆ ಕೆಟ್ಟಿತು ಅಂದುಕೊಂಡೆ.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ವೇಷ ಹಾಕಿದ ನಟನನ್ನು ಪರದೆಯ ಹಿಂದೆ ನಿಲ್ಲಿಸಿ, ಹಾಗೇ ಮನೆಗೆ ಹೋಗು ಅಂದರೆ ಹೋಗುತ್ತಾನೆಯೇ? ಬಾಗಿಲಲ್ಲಿ ಮಲ್ಲಪ್ಪಜ್ಜ ಕೆಮ್ಮಿಯೇ ಬಿಟ್ಟ. ಜನ್ಮದಲ್ಲೇ ಅಂಥ ಕೆಮ್ಮು ಕೆಮ್ಮಿರಲಿಲ್ಲ.

ದಡಕ್ಕನೆ ಎದ್ದವರು ಯಾರು ಗೊತ್ತೇ? ನಮ್ಮ ಮಾವನವರು! ಎದ್ದದ್ದಷ್ಟೇ ಅಲ್ಲ, ಹೆಗಲ ಮೇಲಿನ ಟವೆಲನ್ನು ಸರಕ್ಕನೆ ತಲೆ ಮೇಲೆ ಎಳೆದುಕೊಂಡು, ಮೋರೆ ತಗ್ಗಿಸಿ, ಗೋಡೆಗೆ ಸರಿದು ನಿಂತರು.

ಆಮೇಲೆ ಅವರ ವಾರಿಗೆಯವರಾದ ಸಂಘದ ಅಧ್ಯಕ್ಷರು ಟೇಬಲ್ಲು ಬಡಿದು ನಗತೊಡಗಿದರು. "ಏ ಶಿವಲಿಂಗಾ, ಇನ್ನೂ ಸೊಸಿ ಪಾರ್ಟು ಬಿಟ್ಟಿಲ್ಲೇನಲೇ!" ಆಗ ತಿಳಿಯಿತು. ಹರೆಯದಲ್ಲಿ ನಮ್ಮ ಮಾವನವರು ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದರಂತೆ. ಮಲ್ಲಪ್ಪಜ್ಜ ಮಾವ, ಇವರು ಸೊಸೆ. ವರ್ಷಗಟ್ಟಲೆ ಆ ಕೆಮ್ಮಿಗೆ ಎದ್ದು ಸೆರಗು ಹೊದ್ದವರು! ಮಲ್ಲಪ್ಪಜ್ಜ ಹಿರಿಯನೆಂದು ಉಳಿದ ನಿರ್ದೇಶಕರೂ ನಗುತ್ತ ಎದ್ದು ನಿಂತರು. ಕುಳಿತವಳು ನಾನೊಬ್ಬಳೇ. ಧೈರ್ಯದಿಂದಲ್ಲ, ಕುಂಬಳಕಾಯಿಯ ಭಾರಕ್ಕೆ ಕಾಲು ಜೋಮು ಹಿಡಿದಿತ್ತು.

ಅಧ್ಯಕ್ಷರು ಕಣ್ಣೊರೆಸಿಕೊಂಡು ಸುತ್ತ ನೋಡಿ, "ಎಲ್ಲಾರೂ ಎದ್ದೇವಿ. ಮ್ಯಾನೇಜರ್ ಒಬ್ಬಾಕಿ ಕುಂತಾಳ. ಆತು, ಕಾಯಂ ಅಂತ ಠರಾವು ಬರೀರಿ" ಅಂದರು.

ಸಂಜೆ ನಾನು ಹೆದರಿಕೊಂಡೇ ಮನೆಗೆ ಹೋದೆ. ಮಾವನವರು ಊಟ ಮುಗಿಸಿದರು. ಕೈ ತೊಳೆದುಕೊಂಡು ಬಂದು ಹೇಳಿದರು: "ನೀ ಕುಂತಿದ್ದಕ್ಕ ಮೊದಲ ಸಿಟ್ಟು ಬಂದಿತ್ತವಾ. ಆಮ್ಯಾಲ ನನ್ನ ಕಾಲ ತಾವ ಎದ್ದುವಲ್ಲ, ಆವಾಗ ಗೊತ್ತಾತು. ಏಳಾಕ ಮನಸಿರಲಿಲ್ಲ, ಖರೇ, ಆದ್ರೂ ಎದ್ದೆ. ನೀ ದಿನಾ ಹಿಂಗ ಏಳತಿದ್ದಿ. ನಾಳಿಯಿಂದ ನಾ ಕೆಮ್ಮೂದಿಲ್ಲ." ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.

ಇದಾಗಿ ಕೆಲವು ವರ್ಷ. ಸಂಘ ಬೆಳೆದು ಜಮಖಂಡಿಯಲ್ಲೂ ದೊಡ್ಡ ಶಾಖೆ ತೆರೆಯಿತು, ನನ್ನನ್ನು ಅಲ್ಲಿಗೆ ಮ್ಯಾನೇಜರ್ ಆಗಿ ಹಾಕಿದರು. ಕಸ್ತೂರಕ್ಕ ಆಗ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು, ಆ ದೊಡ್ಡ ದನಿ ಇಷ್ಟೇ ಇಷ್ಟಾಗಿತ್ತು. ಸುದ್ದಿ ಹೇಳಲು ಹೋದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಮಾಡಿದರು. "ತಡಿ. ಇಂಥಾ ಸುದ್ದಿ ಮಲಕೊಂಡ ಕೇಳಬಾರದು. ಎಬ್ಬಿಸಿ ಕುಂಡರಸು." ಬೆನ್ನಿಗೆ ನನ್ನ ಎದೆ ಕೊಟ್ಟು ಕೂರಿಸಿದೆ. ಮೈಯಲ್ಲಿ ಭಾರವೇ ಇರಲಿಲ್ಲ. ಎಲ್ಲ ಕೇಳಿದರು. "ಇನ್ನೊಮ್ಮಿ ಹೇಳ, ಸಾವಕಾಶ ಹೇಳ" ಅಂದರು. ಮತ್ತೆ ಹೇಳಿದೆ. ಆಮೇಲೆ, "ನಿನ್ನ ಹಳೇ ಕುರ್ಚಿಗಿ ಯಾರು?" ಎಂದು ಕೇಳಿದರು.

"ಸುಜಾತಾ ಅಂತ ಅಕ್ಕಾ. ರನ್ನ ಬೆಳಗಲಿ ಹುಡುಗಿ, ಹೋದ ವರ್ಷ ಇಲ್ಲಿಗಿ ಲಗ್ನ ಆಗಿ ಬಂದಾಳ. ಬಾಳ ಶಾಣ್ಯಾಕಿ. ಬಾಳ ಅಂಜತಾಳ."

"ಐತವಾರ ಕರಕೊಂಡ ಬಾ."

ಐತವಾರ ಕಸ್ತೂರಕ್ಕ ಇರಲಿಲ್ಲ. ನಸುಕಿನಲ್ಲೇ ಹೋಗಿಬಿಟ್ಟಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಪಡಸಾಲೆಯಲ್ಲಿ ಗೋಡೆಗೆ ಆನಿಸಿ, ಹಣೆತುಂಬ ವಿಭೂತಿ ಬಳಿದು, ಹೂವಿನಲ್ಲಿ ಅವರನ್ನು ಕೂರಿಸಿದ್ದರು. ನಾನು, ರಜಿಯಾ, ನೀಲವ್ವ ಸುತ್ತ ಕುಳಿತಿದ್ದೆವು. ಊರಿನ ಹಿರಿಯರು ಒಬ್ಬೊಬ್ಬರಾಗಿ ಬಂದು ಕೈಮುಗಿದು ನಿಲ್ಲುತ್ತಿದ್ದರು.

ಬಾಗಿಲಲ್ಲಿ ಸುಜಾತಾ ಕಂಡಳು. ಬರಬೇಡ ಎಂದು ಅವಳಿಗೆ ಹೇಳಿಸುವುದು ನನಗೆ ಮರೆತುಹೋಗಿತ್ತು. ಅಷ್ಟು ಜನ ಗಂಡಸರನ್ನು ನೋಡಿ ಸೆರಗು ಎಳೆದುಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಅಳುತ್ತಲೇ ನಾನು ಪಕ್ಕಕ್ಕೆ ಸರಿದು ಅಕ್ಕನ ಬದಿಗೆ ಜಾಗ ಮಾಡಿದೆ.

"ಬಾರವಾ, ಕುಂಡ್ರು" ಅಂದೆ. "ನಿನ್ನ ಸಲುವಾಗಿ ಹೇಳಿ ಹೋಗ್ಯಾರ."